ಕುಡಿದು ಗಾಡಿ ಓಡಿಸಿದರೆ ಹೋಗುವುದು ಬರೀ 10,000 ಅಲ್ಲ, ತೋಟವೂ ಹೋಗಬಹುದು

ನಮ್ಮ ಶಿವಮೊಗ್ಗ ಕಡೆ ಡ್ರಂಕ್ ಅಂಡ್ ಡ್ರೈವ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ‘ಫೈನ್ ಎಷ್ಟು’ ಅಂತ. 10,000 ಅಂದ ಕೂಡಲೇ ಕೆಲವರು ಹೌಹಾರುತ್ತಾರೆ. ಅಡಿಕೆ ರೇಟು ಚೆನ್ನಾಗಿರುವ ವರ್ಷ ಇನ್ನು ಕೆಲವರು ‘ಕಟ್ಟಿದರಾಯಿತು ಬಿಡಿ’ ಅನ್ನುತ್ತಾರೆ. ಇಬ್ಬರೂ ನೋಡದೇ ಇರುವ ವಿಷಯ ಒಂದಿದೆ. ಈ ಇಡೀ ಲೆಕ್ಕದಲ್ಲಿ ಆ ದಂಡವೇ ಅತಿ ಚಿಕ್ಕ ಮೊತ್ತ. ದೊಡ್ಡ ಮೊತ್ತ ಇರುವುದು ಇನ್ಶೂರೆನ್ಸ್ ಪಾಲಿಸಿಯ ಒಳಪುಟದಲ್ಲಿ, ಯಾರೂ ಓದದ ಜಾಗದಲ್ಲಿ.

ಬೀಗರೂಟ, ಜಾತ್ರೆ, ಅಡಿಕೆ ಕೊನೆಕೊಯ್ಲು ಮುಗಿದ ದಿನದ ಪಾರ್ಟಿ, ಹೀಗೆ ಕುಡಿತ ಮತ್ತು ಬೈಕು ಒಟ್ಟಿಗೆ ಸೇರುವ ಸಂದರ್ಭ ಮಲೆನಾಡಿನಲ್ಲಿ ಬೇಕಾದಷ್ಟಿದೆ. ಮನೆಗಳು ದೂರ ದೂರ, ರಾತ್ರಿ ಬಸ್ಸಿಲ್ಲ, ಹಾಗಾಗಿ ‘ಇಲ್ಲೇ ನಾಲ್ಕು ಕಿಲೋಮೀಟರ್, ಒಳದಾರಿಯಲ್ಲಿ ಹೋಗಿಬಿಡ್ತೀನಿ’ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಅದಕ್ಕೇ ಕಾನೂನು ಏನು ಹೇಳುತ್ತದೆ, ಹಿಡಿದರೆ ಹೇಗೆ ನಡೆದುಕೊಳ್ಳಬೇಕು, ದುಡ್ಡು ಎಲ್ಲೆಲ್ಲಿ ಹೋಗುತ್ತದೆ, ಹೋಗದ ಹಾಗೆ ಮುಂಚೆಯೇ ಏನು ಏರ್ಪಾಡು ಮಾಡಬೇಕು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಎಷ್ಟು ಕುಡಿದರೆ ಕೇಸು?

ಮೋಟಾರು ವಾಹನ ಕಾಯ್ದೆ 1988ರ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ನೀವು ತೂರಾಡುತ್ತಿರಬೇಕು, ಮಾತು ತೊದಲಬೇಕು ಅಂತೇನಿಲ್ಲ. ‘ನಂಗೆ ಏರೋದೇ ಇಲ್ಲ’ ಅನ್ನುವವರಿಗೂ ಅದೇ 30. ಗಾಡಿ ಓಡಿಸುತ್ತಲೇ ಇರಬೇಕು ಅಂತಲೂ ಇಲ್ಲ, ಓಡಿಸಲು ಪ್ರಯತ್ನಿಸಿದರೂ ಸೆಕ್ಷನ್ ಬೀಳುತ್ತದೆ.

30 ಅಂದರೆ ಎಷ್ಟು? ಸುಮಾರು 65 ಕೆಜಿ ತೂಕದ ಗಂಡಸಿನ ಲೆಕ್ಕ ಹಿಡಿಯೋಣ. ಒಂದು 60 ಎಂಎಲ್ ವಿಸ್ಕಿ ಬೇಗ ಕುಡಿದರೆ 45ರ ಆಸುಪಾಸಿಗೆ ಹೋಗುತ್ತದೆ. ಅಂದರೆ ಒಂದೇ ಪೆಗ್ಗಿಗೆ ಮಿತಿ ದಾಟಿತು. ಒಂದು ನೈಂಟಿ ಪ್ಯಾಕೆಟ್ಟಿಗೆ ಸುಮಾರು 70. 650 ಎಂಎಲ್ ಸ್ಟ್ರಾಂಗ್ ಬಿಯರ್ ಒಂದು ಬಾಟಲಿಗೆ 90ರ ಹತ್ತಿರ. ‘ಬರೀ ಬಿಯರ್ ಅಲ್ವಾ’ ಅನ್ನುವವರು ಇದನ್ನು ಇನ್ನೊಂದು ಸಲ ಓದಿ, ಮಿತಿಗೆ ಮೂರು ಪಟ್ಟು ಅದು. ಕ್ವಾರ್ಟರ್ (180 ಎಂಎಲ್) ಆದರೆ 135 ದಾಟುತ್ತದೆ. ತೂಕ ಕಡಿಮೆ ಇದ್ದವರಿಗೆ, ಹೆಂಗಸರಿಗೆ, ಖಾಲಿ ಹೊಟ್ಟೆಯಲ್ಲಿ ಕುಡಿದವರಿಗೆ ಇನ್ನೂ ಮೇಲೆ.

ಇಳಿಯುವ ಲೆಕ್ಕ ಇದಕ್ಕಿಂತ ಮುಖ್ಯ. ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ ಕರಗಿಸುತ್ತದೆ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿದವರು 30ಕ್ಕೆ ಇಳಿಯುವಷ್ಟರಲ್ಲಿ ಬೆಳಗ್ಗೆ 6 ಗಂಟೆ. ಹಾಫ್ (375 ಎಂಎಲ್) ಮುಗಿಸಿದವರ ಲೆಕ್ಕ ಮರುದಿನ ಸಂಜೆ 4ರ ಹತ್ತಿರ ಹೋಗುತ್ತದೆ! ಬೆಳಗ್ಗೆ ಎದ್ದು ಸ್ನಾನ ಮಾಡಿ, ತಿಂಡಿ ತಿಂದು, ಮಕ್ಕಳನ್ನು ಶಾಲೆಗೆ ಬಿಡಲು ಹೊರಟವರ ರಕ್ತದಲ್ಲಿ ಇನ್ನೂ ಅದು ಇರುತ್ತದೆ. ಮಜ್ಜಿಗೆ, ನಿಂಬೆಹಣ್ಣಿನ ಪಾನಕ, ಕಡಕ್ ಕಾಫಿ ಯಾವುದೂ ಅದನ್ನು ಇಳಿಸುವುದಿಲ್ಲ. ಎಲೆಅಡಿಕೆ ಹಾಕಿಕೊಂಡರೆ ಬಾಯಿ ವಾಸನೆ ಕಮ್ಮಿಯಾಗಬಹುದು, ಆದರೆ ಯಂತ್ರ ನೋಡುವುದು ಶ್ವಾಸಕೋಶದಿಂದ ಬರುವ ಗಾಳಿಯನ್ನು. ಮೇಲೆ ಹೇಳಿದ್ದೆಲ್ಲ ಅಂದಾಜು. ‘ಇಷ್ಟು ಕುಡಿದರೆ ಪರವಾಗಿಲ್ಲ’ ಅಂತ ಅಳೆದುಕೊಂಡು ಹೊರಡಲು ಇದನ್ನು ಬಳಸಬೇಡಿ. ಕುಡಿದ ದಿನ ಓಡಿಸುವ ಪ್ರಶ್ನೆಯೇ ಇಲ್ಲ ಅನ್ನುವುದಕ್ಕೆ ಬಳಸಿ.

ಊದಿಸಿದಾಗ ಏನು ಮಾಡಬೇಕು

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಊದಲು ಹೇಳಿದರೆ ಊದಿ. ಬೇಡ ಅಂತ ಹಠ ಮಾಡುವುದರಿಂದ ಲಾಭ ಇಲ್ಲ. ಸರಿಯಾದ ಕಾರಣ ಇಲ್ಲದೆ ಪರೀಕ್ಷೆಗೆ ಒಪ್ಪದಿದ್ದರೆ ಅದನ್ನೇ ನಿಮ್ಮ ವಿರುದ್ಧ ಬಳಸಲು 205ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅನುಮಾನ ಇದ್ದರೆ ವಾರಂಟ್ ಇಲ್ಲದೆ ಬಂಧಿಸಿ ಆಸ್ಪತ್ರೆಯಲ್ಲಿ ರಕ್ತ ತೆಗೆಸುವ ಅಧಿಕಾರವೂ ಅವರಿಗಿದೆ.

ನಿಮಗೂ ಹಕ್ಕುಗಳಿವೆ. ಹೊಸ ಕೊಳವೆ ಹಾಕಲು ಕೇಳಿ. ಕೆಮ್ಮಿನ ಔಷಧಿಯನ್ನೋ ಬಾಯಿ ಮುಕ್ಕಳಿಸುವ ದ್ರಾವಣವನ್ನೋ ಈಗಷ್ಟೇ ಬಳಸಿದ್ದರೆ ಹೇಳಿ, ನೀರಿನಲ್ಲಿ ಬಾಯಿ ತೊಳೆದುಕೊಂಡು ಒಂದು ಕಾಲು ಗಂಟೆ ಬಿಟ್ಟು ಮತ್ತೆ ಊದಿಸಲು ವಿನಂತಿಸಿ. ಬಾಯಲ್ಲಿ ಮಾತ್ರ ಇದ್ದ ಆಲ್ಕೋಹಾಲ್ ಅಷ್ಟರಲ್ಲಿ ಹೋಗುತ್ತದೆ, ರಕ್ತದಲ್ಲಿ ಇರುವುದು ಹೋಗುವುದಿಲ್ಲ. ಯಂತ್ರದಿಂದ ಬರುವ ಚೀಟಿ ನೋಡಿ, ಅದರಲ್ಲಿನ ಸಂಖ್ಯೆ, ದಿನಾಂಕ, ಸಮಯ ಓದಿಕೊಂಡೇ ಸಹಿ ಮಾಡಿ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡುಗಡೆ ಮಾಡಬೇಕು. ಇದು ಜಾಮೀನು ಸಿಗುವ ಅಪರಾಧ. ಮನೆಯವರಿಗೆ ತಿಳಿಸಲು, ವಕೀಲರ ಜೊತೆ ಮಾತಾಡಲು ನಿಮಗೆ ಅವಕಾಶ ಕೊಡಲೇಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ಹೆಲ್ಮೆಟ್ ದಂಡದ ಹಾಗೆ ಇದನ್ನು ರಸ್ತೆಯಲ್ಲೇ ಕಟ್ಟಿ ಮುಗಿಸಲು ಆಗುವುದಿಲ್ಲ. 185ನೇ ಸೆಕ್ಷನ್ ಸ್ಥಳದಲ್ಲೇ ರಾಜಿಯಾಗುವ ಪಟ್ಟಿಯಲ್ಲಿ ಇಲ್ಲ, ಕೇಸು ಕೋರ್ಟಿಗೇ ಹೋಗಬೇಕು. ಹಾಗಾಗಿ ‘ಇಷ್ಟು ಕೊಡಿ, ಇಲ್ಲೇ ಮುಗಿಸೋಣ’ ಅಂತ ಯಾರಾದರೂ ಅಂದರೆ ಅದು ದಂಡ ಅಲ್ಲ, ಲಂಚ. ನೀವಾಗೇ ಕೊಡಲು ಹೋದರೆ ಇನ್ನೊಂದು ಕೇಸು ಮೈಮೇಲೆ ಎಳೆದುಕೊಂಡಂತೆ.

ಗಾಡಿಯನ್ನು ಸಾಮಾನ್ಯವಾಗಿ ಠಾಣೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ನಿಲ್ಲಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ, ಡಿಕ್ಕಿಯಲ್ಲಿ ಇರುವ ಪಹಣಿ, ಪಾಸ್‌ಬುಕ್ಕು, ದುಡ್ಡು ತೆಗೆದಿಟ್ಟುಕೊಳ್ಳಿ. ಬಿಡಿಸಿಕೊಳ್ಳಲು ಹೋಗುವಾಗ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಕೋರ್ಟಿನ ರಸೀದಿ ಜೊತೆಗಿರಲಿ. ಡಿಎಲ್ ಇರುವ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ.

ಕೋರ್ಟಿನಲ್ಲಿ

ಮೊದಲ ಸಲವಾದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ದಂಡ ಅಥವಾ ಎರಡೂ. 2019ರ ಸೆಪ್ಟೆಂಬರ್ 1ಕ್ಕೆ ಮುಂಚೆ ಇದು 2,000 ಮತ್ತು 3,000 ಇತ್ತು, ಹಳೆಯ ಲೆಕ್ಕ ತಲೆಯಲ್ಲಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಆ ತಿಂಗಳಲ್ಲೇ ಕರ್ನಾಟಕ ಸರ್ಕಾರ ಹಲವು ಸಂಚಾರ ದಂಡಗಳನ್ನು ಇಳಿಸಿತು. ಇದನ್ನು ಇಳಿಸಲಿಲ್ಲ. ಇನ್ನೊಂದು ಬದಲಾವಣೆಯೂ ಆಗಿದೆ. ಮುಂಚೆ ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ಮಾತ್ರ ಎರಡನೇ ಅಪರಾಧ ಅಂತ ಲೆಕ್ಕವಿತ್ತು. ಈಗ ಆ ಮೂರು ವರ್ಷದ ಗಡಿ ಇಲ್ಲ, ಹತ್ತು ವರ್ಷ ಬಿಟ್ಟು ಸಿಕ್ಕರೂ ಎರಡನೆಯದೇ.

ಕೋರ್ಟಿಗೆ ಹೋಗದೆ ಸುಮ್ನೆ ಕೂತರೆ ಸಮನ್ಸ್ ಬರುತ್ತದೆ, ಆಮೇಲೆ ವಾರಂಟ್. ತೋಟದ ಕೆಲಸ ಇದೆ ಅಂತ ಮುಂದೂಡಬೇಡಿ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಅದು ಅಪರಾಧ ಸಾಬೀತಾದಂತೆಯೇ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವವರು, ಪಾಸ್‌ಪೋರ್ಟ್ ಮಾಡಿಸುವವರು, ಹೊರದೇಶಕ್ಕೆ ಹೊರಟಿರುವ ಮಕ್ಕಳು ‘ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇತ್ತಾ’ ಅನ್ನುವ ಪ್ರಶ್ನೆಗೆ ಸತ್ಯ ಬರೆಯಬೇಕಾಗುತ್ತದೆ. ಕೆನಡಾದಂಥ ದೇಶದವರು ಕುಡಿದು ಓಡಿಸಿದ್ದನ್ನು ಗಂಭೀರ ಅಪರಾಧ ಅಂತಲೇ ನೋಡುತ್ತಾರೆ, ವೀಸಾಕ್ಕೆ ತೊಂದರೆ ಆಗುತ್ತದೆ. ಹಾಗಾಗಿ ಒಪ್ಪಿಕೊಳ್ಳುವ ಮುಂಚೆ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ. ಫೀಸು ಕಷ್ಟ ಅನ್ನುವವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ ಕೇಳಬಹುದು.

ಡಿಎಲ್ ಕಥೆ ಬೇರೆ. ಪೊಲೀಸರು ಅದನ್ನು ತೆಗೆದುಕೊಂಡು ಆರ್‌ಟಿಒಗೆ ಕಳಿಸುತ್ತಾರೆ. ನಮ್ಮಲ್ಲಿ ಶಿವಮೊಗ್ಗಕ್ಕೆ ಕೆಎ 14, ಸಾಗರಕ್ಕೆ ಕೆಎ 15. ನಿಮ್ಮ ಮಾತು ಕೇಳಿದ ಮೇಲೆ ಆರ್‌ಟಿಒದವರು ಮೊದಲ ಸಲಕ್ಕೆ 3 ತಿಂಗಳು ಅಮಾನತು ಮಾಡಬಹುದು, ಮತ್ತೆ ಆದರೆ ಡಿಎಲ್ಲನ್ನೇ ರದ್ದು ಮಾಡಬಹುದು. ಪೊಲೀಸರು ಕೊಡುವ ಚೀಟಿ ಡಿಎಲ್ ತೆಗೆದುಕೊಂಡಿದ್ದಕ್ಕೆ ರಸೀದಿ ಅಷ್ಟೇ, ಅದನ್ನು ಇಟ್ಟುಕೊಂಡು ಓಡಿಸುವ ಹಾಗಿಲ್ಲ. ಅಮಾನತಿನಲ್ಲಿ ಇರುವಾಗ ಓಡಿಸಿ ಸಿಕ್ಕರೆ 3 ತಿಂಗಳವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ. ಪಿಕಪ್ ಓಡಿಸುವವರಿಗೆ, ಶಾಲಾ ವ್ಯಾನಿನವರಿಗೆ ಮೂರು ತಿಂಗಳ ಅಮಾನತು ಅಂದರೆ ಮೂರು ತಿಂಗಳ ಸಂಪಾದನೆಯೇ ಹೋಯಿತು. ದಂಡಕ್ಕಿಂತ ಎಷ್ಟೋ ಪಾಲು ಜಾಸ್ತಿ ಅದು.

ಕೀ ಕೊಟ್ಟವರೂ ಸಿಕ್ಕಿಕೊಳ್ಳುತ್ತಾರೆ

188ನೇ ಸೆಕ್ಷನ್ ಬಗ್ಗೆ ಮಾತಾಡುವವರೇ ಕಮ್ಮಿ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಓಡಿಸಿದವರಿಗೆ ಆಗುವಷ್ಟೇ ಶಿಕ್ಷೆ ಆಗಬಹುದು. ಭಾವನಿಗೆ ಜಾಸ್ತಿಯಾಗಿದೆ ಅಂತ ಕಣ್ಣಿಗೆ ಕಾಣುತ್ತಿದ್ದರೂ ನಿಮ್ಮ ಬೈಕಿನ ಕೀ ಕೊಟ್ಟು ‘ನಿಧಾನ ಹೋಗಿ ಭಾವ’ ಅಂದರೆ ಆ ಸೆಕ್ಷನ್ನು ನಿಮ್ಮ ಬಾಗಿಲಿಗೂ ಬರಬಹುದು.

‘ಹುಡುಗ ಕುಡಿದಿಲ್ಲ, ಅವನೇ ಓಡಿಸಲಿ’ ಅಂತ ಹೈಸ್ಕೂಲಿನ ಮಗನ ಕೈಗೆ ಕೀ ಕೊಡುವುದು ಇನ್ನೊಂದು ರೂಢಿ. ಇದು ಇನ್ನೂ ಅಪಾಯ. ಅಪ್ರಾಪ್ತರು ಅಪರಾಧ ಮಾಡಿದರೆ 199ಎ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಸಿಗುವುದಿಲ್ಲ.

ಇನ್ಶೂರೆನ್ಸ್: ತೋಟ ಹೋಗುವುದು ಇಲ್ಲಿಂದ

ಫುಲ್ ಇನ್ಶೂರೆನ್ಸ್ ಇದೆ, ಏನಾದರೂ ಕಂಪನಿ ನೋಡಿಕೊಳ್ಳುತ್ತದೆ ಅನ್ನುವ ನಂಬಿಕೆ ಬಹಳ ಜನರಿಗಿದೆ. ಪಾಲಿಸಿ ತೆಗೆದು ‘ಇವಕ್ಕೆ ಅನ್ವಯಿಸುವುದಿಲ್ಲ’ ಅನ್ನುವ ಭಾಗ ಓದಿ. ಓಡಿಸುವವರು ಮದ್ಯ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿ ಇದ್ದರೆ ನಿಮ್ಮ ಗಾಡಿಯ ಡ್ಯಾಮೇಜಿಗೆ ದುಡ್ಡು ಕೊಡುವುದಿಲ್ಲ ಅಂತ ಅಲ್ಲಿ ಬರೆದಿರುತ್ತದೆ. ಮಾಲೀಕ ಚಾಲಕರಿಗೆ ಕಡ್ಡಾಯ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯಲ್ಲೂ ಇದೇ ಷರತ್ತಿದೆ. ಅಂದರೆ ಮನೆಯ ಯಜಮಾನ ಕುಡಿದು ಓಡಿಸಿ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಬರಬೇಕಾದ ಆ 15 ಲಕ್ಷ ಬರುವುದಿಲ್ಲ. ಈ ಸಾಲು ಬರೆಯುವಾಗ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಅದರ ಪೆಟ್ಟು ಬೀಳುವುದು ಒಂದು ಹನಿ ಕುಡಿಯದವರ ಮೇಲೆ.

‘ಒಳದಾರಿಯಲ್ಲಿ ಯಾರು ಊದಿಸ್ತಾರೆ, ಕುಡಿದಿದ್ದೆ ಅಂತ ಯಾರು ಸಾಬೀತು ಮಾಡ್ತಾರೆ?’ ಅಂತ ಕೇಳಬಹುದು. ಬಿದ್ದು ಪೆಟ್ಟಾದರೆ ನಿಮ್ಮನ್ನು ಕರೆದುಕೊಂಡು ಹೋಗುವುದು ತಾಲೂಕು ಆಸ್ಪತ್ರೆಗೆ, ಜಾಸ್ತಿ ಆದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಅಪಘಾತದ ಕೇಸು ಅಂದಮೇಲೆ ಡಾಕ್ಟರು ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯಕೀಯ ದಾಖಲೆ ಬರೆಯುತ್ತಾರೆ. ಉಸಿರಿನಲ್ಲಿ ಮದ್ಯದ ವಾಸನೆ ಇತ್ತು ಅಂತ ಒಂದು ಸಾಲು ಅದರಲ್ಲಿ ಇದ್ದರೆ ಇನ್ಶೂರೆನ್ಸ್ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ. ದೆಹಲಿಯಲ್ಲಿ 2007ರಲ್ಲಿ ಒಂದು ಪೋರ್ಶೆ ಕಾರು ಅಪಘಾತಕ್ಕೆ ಸಿಕ್ಕಿತ್ತು. ಚಾಲಕನಿಗೆ ಉಸಿರಿನ ಪರೀಕ್ಷೆ, ರಕ್ತದ ಪರೀಕ್ಷೆ ಆಗಿದ್ದರ ದಾಖಲೆ ಇರಲಿಲ್ಲ, ವಾಸನೆ ಬರುತ್ತಿತ್ತು ಅನ್ನುವ ದಾಖಲೆ ಇತ್ತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ಶೂರೆನ್ಸ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಪರೀಕ್ಷೆ ಆಗಿಲ್ಲ ಅನ್ನುವ ಕಾರಣಕ್ಕೇ ಕ್ಲೇಮು ಸಿಗಬೇಕು ಅಂತೇನಿಲ್ಲ, ಉಳಿದ ಸಾಕ್ಷಿ ನೋಡಬಹುದು ಅಂತ.

ಈಗ ಎದುರಿನವರ ಲೆಕ್ಕಕ್ಕೆ ಬರೋಣ. ಜನ ಎಂವಿಸಿ ಕೇಸು ಅಂತಾರಲ್ಲ, ಅದು ನಡೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಸುಪ್ರೀಂ ಕೋರ್ಟ್ 2009ರಲ್ಲಿ ಮತ್ತು 2017ರಲ್ಲಿ ಕೊಟ್ಟ ಎರಡು ತೀರ್ಪುಗಳ ಮೇಲೆ ಅಲ್ಲಿ ಪರಿಹಾರದ ಲೆಕ್ಕ ನಿಂತಿದೆ. ಉದಾಹರಣೆಗೆ, ತಿಂಗಳಿಗೆ 15,000 ದುಡಿಯುವ 30 ವರ್ಷದ ಒಬ್ಬ ಗಾರೆ ಕೆಲಸದವರು ತೀರಿಕೊಂಡರು ಅಂತ ಇಟ್ಟುಕೊಳ್ಳಿ. ಮುಂದೆ ಏರಬಹುದಾದ ಆದಾಯಕ್ಕೆ ಶೇಕಡ 40 ಸೇರಿಸಿದರೆ 21,000. ಮನೆಯಲ್ಲಿ ಅವಲಂಬಿತರು ನಾಲ್ಕು ಜನ ಇದ್ದರೆ ತೀರಿಕೊಂಡವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯುತ್ತಾರೆ, 15,750 ಉಳಿಯಿತು. ವರ್ಷಕ್ಕೆ 1,89,000. ಆ ವಯಸ್ಸಿಗೆ 17ರಿಂದ ಗುಣಿಸಬೇಕು. ಬಂದಿದ್ದು 32,13,000 ರೂಪಾಯಿ. ಅಂತ್ಯಸಂಸ್ಕಾರದ ಖರ್ಚು, ಕುಟುಂಬದವರ ನಷ್ಟ, ಬಡ್ಡಿ ಇದರ ಮೇಲೆ.

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಚಾಲ್ತಿಯಲ್ಲಿ ಇದ್ದರೆ ಸತ್ತವರ ಮನೆಗೆ ಕಂಪನಿಯೇ ದುಡ್ಡು ಕೊಡಬೇಕಾಗುತ್ತದೆ, ಅವರು ಬರಿಗೈಯಲ್ಲಿ ಹೋಗಬಾರದು ಅಂತ ಕಾನೂನು ಇರುವುದು. ಆದರೆ ಓಡಿಸಿದವರು ಕುಡಿದಿದ್ದರು ಅಂತ ಸಾಬೀತಾದಾಗ ‘ಮೊದಲು ನೀವು ಕೊಡಿ, ಆಮೇಲೆ ಗಾಡಿ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ’ ಅಂತ ಕೋರ್ಟುಗಳು ಆದೇಶ ಮಾಡಿರುವುದುಂಟು. ಪ್ರತಿ ಕೇಸಿನಲ್ಲೂ ಹೀಗೇ ಆಗುತ್ತದೆ ಅಂತಲ್ಲ, ಆದರೆ ಹಾಗೇನಾದರೂ ಆದರೆ ಏನು ಗತಿ ಅಂತ ಯೋಚಿಸಿ. ಇನ್ಶೂರೆನ್ಸ್ ತುಂಬದೆ ಬಿಟ್ಟ ಗಾಡಿಯಾದರೆ ಮೊದಲ ರೂಪಾಯಿಯಿಂದ ಎಲ್ಲವೂ ನಿಮ್ಮದೇ. ಊರೊಳಗೆ ಓಡಾಡುವ ಗಾಡಿ ಅಂತ ಪಾಲಿಸಿ ನವೀಕರಿಸದೆ ಬಿಟ್ಟವರು ನಮ್ಮ ಹಳ್ಳಿಗಳಲ್ಲಿ ಕಮ್ಮಿ ಇಲ್ಲ. ತೀರ್ಪಿನ ಹಣವನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಲು 174ನೇ ಸೆಕ್ಷನ್ ಅಡಿಯಲ್ಲಿ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಬರೆಯಬಹುದು. ಭೂಕಂದಾಯದ ಬಾಕಿ ಅಂದರೆ ಜಪ್ತಿಗೆ ಬರುವುದು ಪಹಣಿಯಲ್ಲಿ ನಿಮ್ಮ ಹೆಸರಿರುವ ಜಮೀನು. ಅಪ್ಪ ಅಜ್ಜ ಬೆಳೆಸಿದ ತೋಟ, ಸೊಸೈಟಿ ಸಾಲ ಇನ್ನೂ ತೀರದ ತೋಟ.

ಹಳೆಯ ಬೈಕನ್ನು ಪರಿಚಯದವರಿಗೆ ಮಾರಿ ಆರ್‌ಸಿ ಬದಲಾಯಿಸದೆ ಬಿಟ್ಟಿದ್ದೀರಾ? ನಾಳೆಯೇ ಆ ಕೆಲಸ ಮುಗಿಸಿ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರೋ ಕುಡಿದು ಓಡಿಸಿದ್ದಕ್ಕೆ ನಿಮ್ಮ ಮನೆಗೆ ನೋಟಿಸು ಬರುತ್ತದೆ.

ಅಪಘಾತ ಆಗಿಯೇ ಹೋದರೆ

ಓಡಿ ಹೋಗಬೇಡಿ. ಕತ್ತಲೆ, ಕಾಡು, ಯಾರೂ ನೋಡಿಲ್ಲ ಅಂತ ಹೊರಟುಹೋದರೆ ಅಲ್ಲಿ ಬಿದ್ದವರು ಬೆಳಗಿನವರೆಗೆ ಬದುಕಿರುವುದಿಲ್ಲ. 108ಕ್ಕೆ ಫೋನ್ ಮಾಡಿ, 112ಕ್ಕೂ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಹತ್ತಿರದ ಮನೆಗೆ ಓಡಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕರ ಕರ್ತವ್ಯ ಅಂತ 134ನೇ ಸೆಕ್ಷನ್ ಹೇಳುತ್ತದೆ. ಮಾಡದಿದ್ದರೆ ಅದಕ್ಕೇ ಬೇರೆ ಶಿಕ್ಷೆ ಇದೆ. ಸಹಾಯಕ್ಕೆ ಬಂದ ದಾರಿಹೋಕರಿಗೆ ತೊಂದರೆ ಕೊಡುವ ಹಾಗಿಲ್ಲ ಅಂತಲೂ ಕಾನೂನಿದೆ, ಆ ಧೈರ್ಯ ಅವರಿಗೆ ಹೇಳಿ. ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷದ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ, ಆಸ್ಪತ್ರೆಯಲ್ಲಿ ಕೇಳಿ.

ಡಿಎಲ್ ಇರುವ ತಮ್ಮನನ್ನು ‘ಇವನೇ ಓಡಿಸಿದ್ದು’ ಅಂತ ನಿಲ್ಲಿಸುವುದನ್ನು ದಯವಿಟ್ಟು ಮಾಡಬೇಡಿ. ಸುಳ್ಳು ಸಾಕ್ಷಿಯ ಕೇಸಿಗೆ ಇಬ್ಬರೂ ಸಿಕ್ಕಿಕೊಳ್ಳುತ್ತೀರಿ, ಕ್ಲೇಮೂ ಹೋಗುತ್ತದೆ. ಮನೆಯಲ್ಲಿ ಒಬ್ಬರ ಬದಲು ಇಬ್ಬರು ಕೋರ್ಟಿಗೆ ಅಲೆಯಬೇಕಾಗುತ್ತದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಿರ್ಲಕ್ಷ್ಯದಿಂದ ಸಾವು ತಂದರೆ 106(1)ರಲ್ಲಿ 5 ವರ್ಷದವರೆಗೆ ಜೈಲು, ಹಳೆಯ ಐಪಿಸಿ 304ಎ ಇದ್ದಾಗ 2 ವರ್ಷ ಇತ್ತು. ಗಂಭೀರ ಗಾಯವಾದರೆ 3 ವರ್ಷದವರೆಗೆ. ಕುಡಿದು ಓಡಿಸಿದರೆ ಜನ ಸಾಯಬಹುದು ಅಂತ ಗೊತ್ತಿದ್ದೂ ಓಡಿಸಿದ್ದಾರೆ ಅಂತ ಕೋರ್ಟಿಗೆ ಅನ್ನಿಸಿದರೆ ಇನ್ನೂ ದೊಡ್ಡ ಸೆಕ್ಷನ್, 105. ಅದರಲ್ಲಿ 10 ವರ್ಷದವರೆಗೆ ಜೈಲು. 1999ರಲ್ಲಿ ದೆಹಲಿಯಲ್ಲಿ ಆರು ಜನ ಸತ್ತ ಬಿಎಂಡಬ್ಲ್ಯೂ ಪ್ರಕರಣವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಇದೇ ಥರದ ಹಳೆಯ ಸೆಕ್ಷನ್ನಿನಲ್ಲಿ ನೋಡಿತು.

ಹೊರಡುವ ಮುಂಚೆ ಮಾಡುವ ಏರ್ಪಾಡು

ಪೆಗ್ ಹಾಕಿದ ಮೇಲೆ ತೀರ್ಮಾನ ಮಾಡಲು ಆಗುವುದಿಲ್ಲ. ಮನೆಯಿಂದ ಹೊರಡುವಾಗಲೇ ಮಾಡಬೇಕು. ಕುಡಿಯುವುದು ಖಚಿತ ಅಂತಿದ್ದರೆ ಬೈಕು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲೋ ಆಟೋದಲ್ಲೋ ಹೋಗಿ, ಬರುವಾಗ ಕರೆದುಕೊಂಡು ಬರಲು ಪರಿಚಯದ ಆಟೋದವರಿಗೆ ಮೊದಲೇ ಸಮಯ ಹೇಳಿಡಿ. ನಾಲ್ಕು ಜನ ಹೋಗುವುದಾದರೆ ಒಂದು ಜೀಪೋ ಓಮ್ನಿಯೋ ಮಾಡಿಕೊಂಡು ಬಾಡಿಗೆ ಹಂಚಿಕೊಳ್ಳಿ. ರಾತ್ರಿ ಬಾಡಿಗೆ ಜಾಸ್ತಿ ಅನ್ನಿಸಬಹುದು. ಮೇಲಿನ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ. ಗುಂಪಿನಲ್ಲಿ ಒಬ್ಬರು ಕುಡಿಯದೆ ಇರುವುದು ಅಂತ ಮಾತಾಗಿದ್ದರೆ ಅವರಿಗೆ ‘ಒಂದೇ ಒಂದು ತಗೊಳೋ’ ಅಂತ ಒತ್ತಾಯ ಮಾಡಬೇಡಿ. ಆ ಒತ್ತಾಯದಿಂದಲೇ ಏರ್ಪಾಡು ಕೆಡುವುದು.

ಬೀಗರೂಟ ಇಟ್ಟುಕೊಂಡ ಮನೆಯವರಿಗೂ ಒಂದಷ್ಟು ಕೆಲಸ ಇದೆ. ಗಾಡಿ ನಿಲ್ಲಿಸುವ ಕಡೆ ಕುಡಿಯದ ಒಬ್ಬ ಹಿರಿಯರನ್ನು ಕೂರಿಸಿ, ಕೀಗಳನ್ನು ಅವರ ಹತ್ತಿರವೇ ಇಡಿಸಿ. ದೊಡ್ಡವರು ಕೇಳಿದರೆ ಹುಡುಗರು ಕೀ ಕೊಡುತ್ತಾರೆ, ಜಗಳ ಆಗುವುದಿಲ್ಲ. ಜಗಲಿಯಲ್ಲಿ ನಾಲ್ಕು ಚಾಪೆ, ಕಂಬಳಿ ತೆಗೆದಿಡಿ. ಶಾಮಿಯಾನಕ್ಕೆ, ಅಡುಗೆಯವರಿಗೆ ಅಷ್ಟು ಖರ್ಚು ಮಾಡುವವರು ರಾತ್ರಿ 12ರವರೆಗೆ ಒಂದು ಬಾಡಿಗೆ ಗಾಡಿ ನಿಲ್ಲಿಸಿಕೊಂಡರೆ ಹತ್ತಿರದ ಊರಿನವರನ್ನೆಲ್ಲ ಎರಡು ಟ್ರಿಪ್ಪಿನಲ್ಲಿ ಮನೆ ಮುಟ್ಟಿಸಬಹುದು. ಮಳೆಗಾಲದಲ್ಲಿ, ಆಗುಂಬೆ, ಹುಲಿಕಲ್ ಕಡೆ ಮಂಜು ಇಳಿದಿರುವಾಗ ಇದನ್ನು ತಪ್ಪಿಸಲೇಬೇಡಿ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಂಜು ಬಿದ್ದರೆ ಕುಡಿಯದವರಿಗೇ ಮುಂದಿನ ದಾರಿ ಕಾಣುವುದಿಲ್ಲ.

ಮರುದಿನ ಬೆಳಗ್ಗೆ ಗಾಡಿ ತರಲು ಹೋಗುವವರು ರಾತ್ರಿ ಕುಡಿಯದವರೇ ಆಗಿರಲಿ. ಹಾಗೇ ಇವತ್ತು ಇದನ್ನು ಓದಿದ ಮೇಲೆ ಎದ್ದು ಹೋಗಿ ನಿಮ್ಮ ಗಾಡಿಯ ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ, ಆರ್‌ಸಿ ಯಾರ ಹೆಸರಿನಲ್ಲಿದೆ ಅಂತ ನೋಡಿ.